ಟೊಳ್ಳು ಹಲಸು ಇರಲಿ, ಬರೆಯ ಮೇಲಿನ ಸಿಲ್ವರ್ ಓಕ್ ನೋಡಿದಿರಾ?

ಪ್ರಶ್ನೆ: ನಮ್ಮ ಮನೆ ಮಡಿಕೇರಿಯಿಂದ ಭಾಗಮಂಡಲದ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡದ ಇಳಿಜಾರಿನಲ್ಲಿದೆ. ಅಂಗಳದ ಅಂಚಿನಲ್ಲಿ ಅಜ್ಜ ನೆಟ್ಟ ಹಲಸಿನ ಮರವಿದೆ. ಗೋಡೆಗೂ ಮರಕ್ಕೂ 15 ಅಡಿ ಅಂತರ, ಎದೆಮಟ್ಟದಲ್ಲಿ ಅದರ ಸುತ್ತಳತೆ 8 ಅಡಿ. ಏಳಡಿ ಎತ್ತರದಲ್ಲಿ ಹಿಂದೆಂದೋ ಕೊಂಬೆ ಮುರಿದ ಜಾಗ ಪೊಟರೆಯಾಗಿದೆ, ಕೈ ಹಾಕಿದರೆ ಮಣಿಕಟ್ಟು ದಾಟಿ ಒಳಗೆ ಹೋಗುತ್ತದೆ. ಕಳೆದ ಜುಲೈನಲ್ಲಿ ಒಂದು ಒಣ ಕೊಂಬೆ ಹೆಂಚಿನ ಮೇಲೆ ಬಿತ್ತು. ಮಳೆಗಾಲದಲ್ಲಿ ಬುಡದ ಹತ್ತಿರ ಅಣಬೆಗಳೂ ಬಂದಿದ್ದವು. ನಾಲ್ಕು ವರ್ಷದ ಹಿಂದೆ ಅಂಗಳಕ್ಕೆ ಒಂದಡಿ ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಕಿಸಿದ್ದೆವು. ಆಗಲೇ ಕಾರು ನಿಲ್ಲಿಸಲು ಜಾಗ ಬೇಕೆಂದು ಮನೆಯ ಹಿಂದಿನ ಬರೆಯನ್ನು, ಎಂದರೆ ಕಡಿದಾದ ಮಣ್ಣಿನ ದಿಣ್ಣೆಯನ್ನು, ಜೆಸಿಬಿಯಲ್ಲಿ ಸ್ವಲ್ಪ ತೆಗೆಸಿದೆವು. ಬರೆಯ ಮೇಲೆ ಎರಡು ಸಿಲ್ವರ್ ಓಕ್ ಇವೆ, ಅವು ಗಟ್ಟಿಯಾಗಿವೆ. ಹಲಸಿನ ತಲೆ ಕಡಿಸಿ ಎಂದು ಪಕ್ಕದ ಮನೆಯವರು, ಪೊಟರೆಗೆ ಸಿಮೆಂಟು ತುಂಬಿಸಿ ಎಂದು ನೆಂಟರೊಬ್ಬರು ಹೇಳುತ್ತಾರೆ. ಮರದ ವ್ಯಾಪಾರಿಯೊಬ್ಬರು ಕೂಲಿಯೇ ಬೇಡ, ಮರ ಕೊಟ್ಟರೆ ಸಾಕು ಎಂದಿದ್ದಾರೆ. ಅವ್ವ ಮರ ಮುಟ್ಟಲು ಬಿಡುವುದಿಲ್ಲ. ಮಳೆ ಹಿಡಿಯಲು ಇನ್ನು ಎರಡು ತಿಂಗಳಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರ ತುಂಬ ಹಲಸೇ ಇದೆ. ಸಿಲ್ವರ್ ಓಕ್ ಬಗ್ಗೆ ಇರುವುದು ಒಂದೇ ಸಾಲು, ಅದೂ ‘ಅವು ಗಟ್ಟಿಯಾಗಿವೆ’ ಎಂಬ ಸಮಾಧಾನದ ಜೊತೆಗೆ. ನಾನು ನಿಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮುಂಚೆಯೇ ಹಿತ್ತಲಿಗೆ ಹೋಗುತ್ತೇನೆ. ಆದರೂ ನೀವು ಕೇಳಿದ್ದು ಹಲಸಿನ ವಿಷಯ. ಅದನ್ನು ಮೊದಲು ನೋಡೋಣ.

ಪೊಟರೆ ಕಂಡ ಕೂಡಲೇ ಮರ ಸತ್ತಿತು ಎಂದು ತಿಳಿಯುವವರೇ ಹೆಚ್ಚು. ಮರದ ಜೀವ ಇರುವುದು ತೊಗಟೆಯ ಕೆಳಗಿನ ತೆಳುವಾದ ಪದರದಲ್ಲಿ ಮತ್ತು ಅದರ ಒಳಗಿನ ಬಿಳಿ ಕಟ್ಟಿಗೆಯಲ್ಲಿ. ಮಧ್ಯದ ಹಳದಿ ಚೇಗು ಸತ್ತ ಕಟ್ಟಿಗೆಯೇ. ಅದು ಕೊಳೆತು ಹೋದರೂ ಮರ ಹೂ ಬಿಡುತ್ತದೆ, ಕಾಯಿ ಕಟ್ಟುತ್ತದೆ. ನಮಗೆ ಬೇಕಾದ ಲೆಕ್ಕ ಬೇರೆ: ಗಾಳಿಯನ್ನು ತಡೆದುಕೊಳ್ಳುವಷ್ಟು ಗಟ್ಟಿ ಗೋಡೆ ಉಳಿದಿದೆಯೇ? ಒಳಗೆ ಖಾಲಿಯಿರುವ ಕಬ್ಬಿಣದ ಪೈಪು ನೆಟ್ಟಗೆ ನಿಲ್ಲುವುದಿಲ್ಲವೇ, ಹಾಗೆ. ಮರ ನೋಡುವವರು ಬಳಸುವ ಒಂದು ಅಂದಾಜಿನ ಪ್ರಕಾರ, ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗದಷ್ಟು ಗಟ್ಟಿ ಗೋಡೆ ಸುತ್ತಲೂ ಇದ್ದರೆ ಟೊಳ್ಳಿಗೆ ಹೆದರಬೇಕಾಗಿಲ್ಲ. ನಿಮ್ಮ ಮರದ ಸುತ್ತಳತೆ 8 ಅಡಿ ಎಂದರೆ ಅಡ್ಡಳತೆ ಸುಮಾರು 30 ಇಂಚು, ತ್ರಿಜ್ಯ 15. ಹಾಗಾಗಿ ಸುತ್ತಲೂ 5 ಇಂಚು ಗಟ್ಟಿ ಮರ ಬೇಕು. ಪೊಟರೆಯ ಬಾಯಿ ಅಗಲವಾಗಿದ್ದರೆ ಈ ಅಂದಾಜನ್ನು ಅಷ್ಟು ನಂಬಬಾರದು, ಸೀಳಿದ ಪೈಪಿಗೆ ಇಡೀ ಪೈಪಿನ ಬಲ ಇರುವುದಿಲ್ಲ.

ಇದನ್ನು ನೀವೇ ಸ್ವಲ್ಪ ಮಟ್ಟಿಗೆ ನೋಡಬಹುದು. ಒಂದು ಮರದ ಕೊಡತಿ ತೆಗೆದುಕೊಂಡು ಬುಡದಿಂದ ತಲೆಯ ಎತ್ತರದವರೆಗೆ, ಕಾಂಡದ ಸುತ್ತಲೂ, ಗೇಣಿಗೊಂದು ಏಟು ಹಾಕುತ್ತಾ ಹೋಗಿ. ಗಟ್ಟಿ ಇರುವಲ್ಲಿ ‘ಟಕ್’ ಎನ್ನುತ್ತದೆ, ಟೊಳ್ಳಿನ ಮೇಲೆ ಡೋಲಿನ ಸದ್ದು ಬರುತ್ತದೆ. ಡೋಲು ಕೇಳಿದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗುರುತು ಪೊಟರೆಯ ಸುತ್ತಮುತ್ತ ಮಾತ್ರ ಬಂದರೆ ಒಳ್ಳೆಯದು. ಬುಡದವರೆಗೆ ಇಳಿದಿದ್ದರೆ, ಅಥವಾ ಕಾಂಡವನ್ನು ಪಟ್ಟಿಯಂತೆ ಬಳಸಿದ್ದರೆ, ಅದು ಮನೆಯವರ ಕೈಯಲ್ಲಿ ತೀರ್ಮಾನವಾಗುವ ವಿಷಯವಲ್ಲ, ತಿಳಿದವರನ್ನು ಕರೆಸಿ. ಬೈರಿಗೆ ಹಾಕಿ ನೋಡುವ ಆತುರ ಬೇಡ. ಕೊಳೆತ ಜಾಗದ ಸುತ್ತ ಮರ ತಾನೇ ಒಂದು ಗೋಡೆ ಕಟ್ಟಿಕೊಂಡಿರುತ್ತದೆ, ತೂತು ಕೊರೆದರೆ ಶಿಲೀಂಧ್ರಕ್ಕೆ ನಾವೇ ಬಾಗಿಲು ತೆರೆದಂತೆ.

ಆ ಗೋಡೆಯ ವಿಷಯವನ್ನು ಜಗತ್ತಿಗೆ ತಿಳಿಸಿಕೊಟ್ಟವರು ಅಮೆರಿಕದ ಸಸ್ಯರೋಗ ತಜ್ಞ ಅಲೆಕ್ಸ್ ಶೈಗೊ. ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಅವರು ತೋರಿಸಿದ್ದು ಇಷ್ಟು: ನಮ್ಮ ಚರ್ಮದ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ. ಕೆಟ್ಟ ಭಾಗವನ್ನು ಮರ ಒಳಗೇ ಬೇಲಿ ಹಾಕಿ ಬಿಟ್ಟು, ಅದರ ಮೇಲೆ ಹೊಸದಾಗಿ ಬೆಳೆಯುತ್ತದೆ. ಇದನ್ನು ಓದುವ ಮೊದಲು ನಾನು ಮಾಡಿದ ಒಂದು ಕೆಲಸ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ತೋಟದ ಮನೆಯ ಮುಂದಿನ ಮಾವಿನ ಪೊಟರೆಯನ್ನು ಕೆರೆದು, ಒಳಗೆ ಡಾಂಬರು ಬಳಿದು, ಮೂರು ಬಾಂಡಲಿ ಕಾಂಕ್ರೀಟ್ ತುಂಬಿಸಿದ್ದೆ. ಮನೆಯವರು ಕಾಫಿ ಕೊಟ್ಟು ಹೊಗಳಿದ್ದರು. ಆರನೇ ಮಳೆಗಾಲಕ್ಕೆ ಮರ ಸರಿಯಾಗಿ ಆ ಕಾಂಕ್ರೀಟಿನ ಮೇಲ್ಗಡೆಯೇ ಮುರಿಯಿತು. ಗಾಳಿಗೆ ಮರ ಬಾಗುತ್ತದೆ, ಕಾಂಕ್ರೀಟು ಬಾಗುವುದಿಲ್ಲ. ಎರಡರ ನಡುವೆ ಬಿಟ್ಟ ಸಂದಿನಲ್ಲಿ ನೀರು ನಿಂತು ಕೊಳೆತ ಇನ್ನಷ್ಟು ಬೇಗ ಹಬ್ಬಿತ್ತು. ನಿಮ್ಮ ನೆಂಟರಿಗೆ ನನ್ನ ಈ ಕಥೆ ಹೇಳಿ. ಪೊಟರೆಯಲ್ಲಿ ನೀರು ನಿಂತರೂ ಅದನ್ನು ಹೊರಬಿಡಲು ತೂತು ಹೊಡೆಯಬೇಡಿ. ಸಡಿಲ ಕಸವನ್ನು ಕೈಯಲ್ಲಿ ತೆಗೆದರೆ ಸಾಕು, ಒಳಗೆ ಹಕ್ಕಿ ಗೂಡು ಮಾಡಿದ್ದರೆ ಅದೂ ಬೇಡ.

ಇನ್ನು ತಲೆ ಕಡಿಸುವ ಸಲಹೆ. ಕಾಫಿ ನಾಡಿನಲ್ಲಿ ಮರ ಕಪಾತು ನಮಗೆ ಹೊಸತಲ್ಲ, ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ಪ್ರತಿ ವರ್ಷ ಕೊಂಬೆ ಕಡಿದು ನೆರಳು ಬಿಡಿಸುತ್ತೇವೆ. ಆ ಅಭ್ಯಾಸದಿಂದಲೇ ಮನೆ ಮುಂದಿನ ಮರಕ್ಕೂ ಅದೇ ಕತ್ತಿ ಬೀಳುತ್ತದೆ. ತೋಟದಲ್ಲಿ ನೆರಳಿಗೆ ನೆಡುವ ಎಳೆಯ ಹಾಲುವಾಣ ಅದನ್ನು ತಡೆದುಕೊಳ್ಳುತ್ತದೆ. ಮುದಿ ಹಲಸಿಗೆ ತಲೆ ಹಾರಿಸಿದರೆ ಒಂದೇ ದಿನದಲ್ಲಿ ಅದರ ಅಡುಗೆಮನೆಯನ್ನೇ ಮುಚ್ಚಿದಂತೆ. ಉಳಿದ ಶಕ್ತಿಯಲ್ಲಿ ಕಡಿದ ತುದಿಯ ಸುತ್ತ ಚಿಗುರುಗಳ ಗೊಂಚಲು ಹೊರಡುತ್ತದೆ. ಅವು ನೋಡಲು ಸೊಂಪು, ಹಿಡಿತ ಮಾತ್ರ ತೊಗಟೆಯಷ್ಟೇ ಆಳ. ಅವುಗಳ ಕೆಳಗೆ ಕಡಿದ ಗಾಯ ಮಳೆ ನೀರು ಕುಡಿಯುತ್ತಾ ಕೊಳೆಯುತ್ತಿರುತ್ತದೆ. ನಾಲ್ಕೈದು ವರ್ಷಕ್ಕೆ ಆ ಚಿಗುರುಗಳೇ ತೊಡೆ ಗಾತ್ರದ ಕೊಂಬೆಗಳಾಗಿ ಬುಡಸಮೇತ ಕಳಚುತ್ತವೆ. ಈ ಮಳೆಗಾಲ ಸುರಕ್ಷಿತವೆನಿಸಬಹುದು, ಆದರೆ ಐದನೆಯದು ಈಗಿನದಕ್ಕಿಂತ ಕೆಟ್ಟದಾಗಿರುತ್ತದೆ.

ಅಣಬೆಯ ಬಗ್ಗೆ ನೀವು ಬರೆದದ್ದು ಅರೆಬರೆ. ನೆಲದಿಂದ, ಹುಲ್ಲಿನ ನಡುವೆ ಎದ್ದ ಮೆದು ಕೊಡೆಯಂಥ ಅಣಬೆಯೋ, ಕಾಂಡದ ಬುಡಕ್ಕೆ ಅಂಟಿಕೊಂಡ, ಅರ್ಧ ತಟ್ಟೆಯಂತೆ ಗಟ್ಟಿಯಾದ, ಮೇಲೆ ಕೆಂಪು-ಕಂದು ಮೆರುಗು ಹಚ್ಚಿದಂಥದ್ದೋ? ಮೊದಲನೆಯದು ಎಲೆ ಕಸ ತಿನ್ನುವಂಥದ್ದು, ಚಿಂತೆಯಿಲ್ಲ. ಎರಡನೆಯದು ಗ್ಯಾನೊಡರ್ಮ ಜಾತಿಯ ಶಿಲೀಂಧ್ರ ಇರಬಹುದು. ಅದು ಬೇರು ಮತ್ತು ಬುಡವನ್ನು ಕೊಳೆಸುತ್ತದೆ, ಹೊರಗೆ ತಟ್ಟೆ ಕಾಣಿಸುವಾಗ ಒಳಗೆ ಕೆಲಸ ಬಹಳ ಮುಂದುವರಿದಿರುತ್ತದೆ. ಅಂಥ ಮರ ಹಸಿರು ತುಂಬಿದ ತಲೆಯನ್ನು ಹೊತ್ತುಕೊಂಡೇ ಒಂದು ರಾತ್ರಿ ಬುಡಸಮೇತ ಮಗುಚುತ್ತದೆ. ಪೊಟರೆ, ಒಣ ಕೊಂಬೆ, ಗೆದ್ದಲು, ಇವೆಲ್ಲಕ್ಕಿಂತ ನಾನು ಹೆದರುವುದು ಆ ತಟ್ಟೆಗೆ. ಒಣಗಿದ ತಟ್ಟೆಯ ಚೂರು ಈಗಲೂ ಬುಡದಲ್ಲಿ ಇರಬಹುದು, ಹುಡುಕಿ ನೋಡಿ.

ಹಾವಸೆ, ಕಲ್ಲುಹೂ, ಜರೀಗಿಡ, ಸೀತೆದಂಡೆ, ಇವುಗಳನ್ನು ಕಂಡು ಯಾರಾದರೂ ‘ಮರ ತಿನ್ನುತ್ತಿವೆ’ ಎಂದರೆ ಕಿವಿಗೊಡಬೇಡಿ. ಅವು ಕೂರಲು ಜಾಗ ಕೇಳುತ್ತವೆ, ಊಟ ಕೇಳುವುದಿಲ್ಲ. ಬಂದಳಿಕೆ ಮಾತ್ರ ನಿಜವಾದ ಪರಾವಲಂಬಿ, ಅದು ಹತ್ತಿದ ಕೊಂಬೆಯನ್ನು ಸ್ವಲ್ಪ ಹಿಂದಕ್ಕೆ ಕತ್ತರಿಸಿ ತೆಗೆಯಬೇಕು. ಹಾಗೆಯೇ ಎಳೆ ಮಿಡಿ ಕಪ್ಪಾಗಿ ಉದುರುತ್ತದೆ ಎಂದು ಹಲಸಿನ ಮನೆಯವರೆಲ್ಲ ಒಂದಲ್ಲ ಒಂದು ದಿನ ಕೇಳುತ್ತಾರೆ. ಉದುರುವವುಗಳಲ್ಲಿ ಹೆಚ್ಚಿನವು ಗಂಡು ಹೂಗೊಂಚಲು. ಪರಾಗ ಬಿಟ್ಟ ಮೇಲೆ ಅವಕ್ಕೆ ಕೆಲಸವಿಲ್ಲ, ಕಪ್ಪು ಬೂಸ್ಟು ಹಿಡಿದು ಬೀಳುತ್ತವೆ.

ಹಾಗಾದರೆ ನಿಮ್ಮ ಹಲಸಿಗೆ ನಿಜವಾಗಿ ಆಗಿರುವುದೇನು? ನನ್ನ ಅನುಮಾನ ಅಂಗಳದ ಮೇಲೆ. ಮರದ ಬೇರು ಅದರ ಎತ್ತರದಷ್ಟೇ ಆಳಕ್ಕೆ ಇಳಿದಿರುತ್ತದೆ ಎಂದು ಚಿತ್ರ ಬರೆದು ಕಲಿಸಿದವರು ನಮಗೆ ದೊಡ್ಡ ಉಪದ್ರವ ಮಾಡಿದ್ದಾರೆ. ನೀರು, ಗೊಬ್ಬರ ಹೀರುವ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತವೆ. ಅಗಲಕ್ಕೆ ಕೊಂಬೆಯ ನೆರಳನ್ನೂ ದಾಟಿ ಹೋಗುತ್ತವೆ. ಕಾಪಾಡಬೇಕಾದ ಬೇರಿನ ವಲಯವನ್ನು ಕಾಂಡದ ಅಡ್ಡಳತೆಯ 12 ಪಟ್ಟು ಎಂದು ಲೆಕ್ಕ ಹಾಕುವುದು ರೂಢಿ. ನಿಮ್ಮ ಮರಕ್ಕೆ ಅದು ಸುತ್ತಲೂ 30 ಅಡಿ. ಗೋಡೆ ಇರುವುದು 15 ಅಡಿಯಲ್ಲಿ. ಎಂದರೆ ನಿಮ್ಮ ಜಗಲಿಯ ಕೆಳಗೂ ಆ ಹಲಸು ಇದೆ. ಅದರ ಮೇಲೆ ಒಂದಡಿ ಮಣ್ಣು ಸುರಿದು, ಒತ್ತಿ, ಇಂಟರ್‌ಲಾಕ್ ಹಾಸಿದ್ದೀರಿ. ಬೇರಿಗೂ ಉಸಿರು ಬೇಕು. ಮಳೆಗಾಲದ ನಾಲ್ಕು ತಿಂಗಳು ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಕಡೆ ನೀರು ತುಂಬಿರುತ್ತದೆ, ಮೇಲೆ ಮುಚ್ಚಳವೂ ಬಿದ್ದರೆ ಬೇರು ಉಸಿರುಗಟ್ಟಿ ಸಾಯುತ್ತದೆ. ಹೀಗೆ ಸತ್ತ ಬೇರಿನ ಸುದ್ದಿ ಮರದ ತುದಿಗೆ ತಲುಪಲು ಮೂರರಿಂದ ಐದು ವರ್ಷ ಹಿಡಿಯುತ್ತದೆ. ನಿಮ್ಮ ಒಣ ಕೊಂಬೆ ಬಿದ್ದ ಹೊತ್ತು ಆ ಲೆಕ್ಕಕ್ಕೆ ಕೂಡಿ ಬರುತ್ತದೆ.

ಇದಕ್ಕೆ ಮದ್ದು ಅಗ್ಗ, ಮನಸ್ಸು ಮಾತ್ರ ಬೇಕು. ಬುಡದಿಂದ ಸುತ್ತ 8 ಅಡಿಯ ಇಂಟರ್‌ಲಾಕ್ ಕಿತ್ತು ಹಾಕಿ. ತುಂಬಿಸಿದ ಮಣ್ಣನ್ನು ಕೈಗುದ್ದಲಿಯಲ್ಲಿ, ಬೇರಿಗೆ ಪೆಟ್ಟಾಗದಂತೆ, ಕಾಂಡ ಅಗಲವಾಗಿ ನೆಲಕ್ಕೆ ಸೇರುವ ಜಾಗ ಕಾಣುವವರೆಗೆ ತೆಗೆಯಿರಿ. ಜೆಸಿಬಿ ಗೇಟಿನಿಂದ ಒಳಗೆ ಬರಬಾರದು. ಒಣ ತರಗೆಲೆಯನ್ನು ಮೂರು ಇಂಚಿನಷ್ಟು ಹರಡಿ, ಆದರೆ ಕಾಂಡಕ್ಕೆ ತಾಗದಿರಲಿ. ಮಾಡಿನ (ಛಾವಣಿಯ) ನೀರು ಈಗ ಆ ಕಡೆಗೆ ಬೀಳುತ್ತಿದ್ದರೆ ಪೈಪಿನಲ್ಲಿ ಚರಂಡಿಗೆ ಒಯ್ಯಿರಿ.

ಕೊಂಬೆಯ ವಿಷಯದಲ್ಲಿ ನಿಮ್ಮ ಮುಂದೆ ಇರುವ ದಾರಿಗಳನ್ನು ಹೇಳುತ್ತೇನೆ. ಒಣ ಕೊಂಬೆಗಳನ್ನು ಈಗಲೇ ತೆಗೆಸಿ, ಅದಕ್ಕೆ ಮುಹೂರ್ತ ಬೇಡ. ಮಾಡಿನ ಮೇಲೆ ಚಾಚಿದ ಹಸಿ ಕೊಂಬೆಗಳನ್ನು ತುದಿಯಿಂದ ಹಿಂದಕ್ಕೆ, ಒಂದು ಒಳ್ಳೆಯ ಪಕ್ಕದ ಕವಲು ಸಿಗುವ ಜಾಗಕ್ಕೆ ಮೊಟಕು ಮಾಡಿಸಬಹುದು. ಮುದಿ ಮರವಾದ್ದರಿಂದ ಒಂದು ವರ್ಷಕ್ಕೆ ಹಸಿರಿನ ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ಒಂದೂವರೆ ಪಾಲು ಸಾಕು. ದೊಡ್ಡ ಗಾಯ ಮಾಡುವ ಕೆಲಸವನ್ನು ಪುತ್ತರಿ ಹಬ್ಬ ಕಳೆದ ಮೇಲಿನ ಒಣ ದಿನಗಳಿಗೆ, ಡಿಸೆಂಬರ್-ಜನವರಿಗೆ ಇಟ್ಟುಕೊಳ್ಳಿ, ಕಕ್ಕಡದ (ಜುಲೈ-ಆಗಸ್ಟಿನ) ಮಳೆಯಲ್ಲಿ ಹಸಿ ಗಾಯ ಶಿಲೀಂಧ್ರಕ್ಕೆ ಹಬ್ಬದೂಟ. ಕತ್ತಿಯಲ್ಲಿ ಕೊಚ್ಚಲು ಬಿಡಬೇಡಿ, ಗರಗಸವೇ ಬೇಕು. ಕಾಂಡದಿಂದ ಒಂದಡಿ ಆಚೆ ಮೊದಲು ಕೆಳಗಿನಿಂದ ಅರ್ಧ ಕೊಯ್ಯಬೇಕು, ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಕೊಂಬೆ ಇಳಿಸಬೇಕು, ಕೊನೆಗೆ ಉಳಿದ ಮೋಟನ್ನು ತೆಗೆಯಬೇಕು. ಹಾಗೆ ಮಾಡದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಸಿಪ್ಪೆಯಂತೆ ಎಳೆದುಕೊಂಡು ಹೋಗುತ್ತದೆ. ಮೋಟು ತೆಗೆಯುವಾಗ ಕೊಂಬೆಯ ಬುಡದಲ್ಲಿರುವ ಉಬ್ಬಿದ ಬಳೆಯನ್ನು ಮುಟ್ಟಬಾರದು, ಗಾಯ ಮುಚ್ಚುವ ಹೊಸ ತೊಗಟೆ ಹುಟ್ಟುವುದು ಅಲ್ಲಿಂದಲೇ. ಗಾಯಕ್ಕೆ ಡಾಂಬರು, ಪೇಂಟು ಬೇಡ. ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣದ ಮಿಶ್ರಣ) ಹಚ್ಚದಿದ್ದರೆ ನಮ್ಮವರಿಗೆ ಕೈ ತುರಿಸುತ್ತದೆ ಎಂಬುದು ನನಗೆ ಗೊತ್ತು. ಹಚ್ಚಿದರೆ ದೊಡ್ಡ ನಷ್ಟವಿಲ್ಲ, ಆದರೆ ಒಳಗಿನ ಕೊಳೆತವನ್ನು ಅದು ನಿಲ್ಲಿಸುತ್ತದೆ ಎಂದು ನಂಬಬೇಡಿ. ಮಳೆಗಾಲದಲ್ಲಿ ಕವಲಿನ ಸಂದಿನಲ್ಲಿ ಗುಲಾಬಿ ಬಣ್ಣದ ಪದರ ಕಂಡರೆ ಅದು ಬೇರೆಯೇ ರೋಗ, ಅಲ್ಲಿ ಬೋರ್ಡೋ ನಿಜಕ್ಕೂ ಕೆಲಸ ಮಾಡುತ್ತದೆ.

ಕಡಿಯುವುದೂ ಒಂದು ದಾರಿಯೇ, ನಾನು ಅದಕ್ಕೆ ವಿರೋಧಿಯಲ್ಲ. ಬುಡದಲ್ಲಿ ಆ ತಟ್ಟೆ ಅಣಬೆ ಇದ್ದು, ಕೊಡತಿಗೆ ಡೋಲಿನ ಸದ್ದು ಬುಡದ ಸುತ್ತ ಬಂದರೆ ನಾನೇ ಕಡಿಸಿ ಎನ್ನುತ್ತೇನೆ. ಹಾಗಿಲ್ಲದಿದ್ದರೆ ಈ ವರ್ಷ ಅದಕ್ಕೆ ಕಾರಣ ಕಾಣುತ್ತಿಲ್ಲ. ಬಿಟ್ಟಿ ಕಡಿಯಲು ಬಂದವರ ಮಾತಿಗೆ ಒಂದು ಮಾತು: ಬಾಗಿಲಿಗೂ ವೀಣೆಗೂ ಒದಗುವ ಮರ ಹಲಸು. ಎಂಟಡಿ ಸುತ್ತಳತೆಯ ಹಲಸಿನ ಬೆಲೆ ಗೊತ್ತಿರುವವರು ಉಪಕಾರಕ್ಕೆ ಬಂದಿಲ್ಲ. ಅಪಾಯದ ಬಗ್ಗೆ ತೀರ್ಪು ಕೊಡುವವನೂ ಮರ ಕೊಳ್ಳುವವನೂ ಒಬ್ಬನೇ ಆಗಬಾರದು.

ಈಗ ಹಿತ್ತಲಿಗೆ ಬನ್ನಿ.

ಸಿಲ್ವರ್ ಓಕ್ ಆಸ್ಟ್ರೇಲಿಯದ ಪೂರ್ವ ಕರಾವಳಿಯಿಂದ ಬಂದು ನಮ್ಮ ಕಾಫಿಗೆ ನೆರಳಾದ ಮರ. ನೆಟ್ಟಗೆ, ಬೇಗ ಬೆಳೆಯುತ್ತದೆ, ಕಾಳುಮೆಣಸಿಗೆ ಆಸರೆಯಾಗುತ್ತದೆ. ತೋಟದ ನಡುವೆ ಹತ್ತಾರು ಮರಗಳು ಗಾಳಿಯನ್ನು ಹಂಚಿಕೊಂಡು ನಿಲ್ಲುತ್ತವೆ. ಒಂಟಿಯಾಗಿ, ಬರೆಯ ಅಂಚಿನಲ್ಲಿ, ಪಶ್ಚಿಮದ ಗಾಳಿಗೆ ಎದೆಕೊಟ್ಟು ನಿಂತಾಗ ಅದರ ಕಥೆ ಬೇರೆ. ಕೊಂಬೆಗಳು ಸುಲಭವಾಗಿ ಮುರಿಯುವ ಸ್ವಭಾವದವು. ನಿಮ್ಮ ಮರಗಳ ಗಾತ್ರ ನೀವು ಬರೆದಿಲ್ಲ. ಸುತ್ತಳತೆ 5 ಅಡಿ ಎಂದುಕೊಂಡರೆ ಅಡ್ಡಳತೆ ಸುಮಾರು 19 ಇಂಚು. ಮರವನ್ನು ನೆಲಕ್ಕೆ ಕಚ್ಚಿ ಹಿಡಿಯುವ ದಪ್ಪ ಬೇರುಗಳು ಅಡ್ಡಳತೆಯ ಮೂರು ಪಟ್ಟಿನೊಳಗೆ, ಎಂದರೆ ಸುಮಾರು 5 ಅಡಿಯೊಳಗೆ ಇರುತ್ತವೆ. ಜೆಸಿಬಿ ಬರೆಯನ್ನು ಆ 5 ಅಡಿಯೊಳಗೆ ಕೊರೆದಿದ್ದರೆ, ಮನೆಯ ಕಡೆಯ ಹಿಡಿತ ನಾಲ್ಕು ವರ್ಷದ ಹಿಂದೆಯೇ ಹೋಗಿದೆ. ಅಂದು ಕತ್ತರಿಸಿದ ಬೇರಿನ ತುದಿಗಳು ಈಗ ಕೊಳೆಯುತ್ತಿರುತ್ತವೆ. ಕಾಂಡ ಮಾತ್ರ ನೀವು ಹೇಳಿದ ಹಾಗೆ ಗಟ್ಟಿಯಾಗಿಯೇ ಇರುತ್ತದೆ. ಒದ್ದೆಯಾದ ಮಣ್ಣಿಗೆ ಹಿಡಿಯುವ ಬಲ ಕಡಿಮೆ. ಮಡಿಕೇರಿಯ ಸುತ್ತ ವಾರಗಟ್ಟಲೆ ಬಿಡದೆ ಸುರಿದ ಮೇಲೆ ಬೀಸುವ ಒಂದು ಗಾಳಿಗೆ ಮುರಿದು ಬೀಳುವ ಮರಗಳಿಗಿಂತ ಬುಡ ಕಿತ್ತು ಬೀಳುವ ಮರಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

‘ಮರ ಮಣ್ಣು ಹಿಡಿಯುತ್ತದಲ್ಲ’ ಎಂದು ನೀವು ಕೇಳಬಹುದು. ಹಿಡಿಯುತ್ತದೆ, ಬೇರು ಇಳಿದಷ್ಟು ಆಳದವರೆಗೆ. ಅದಕ್ಕಿಂತ ಕೆಳಗಿನಿಂದ ಗುಡ್ಡ ಜಾರಿದರೆ ಮರವೂ ಜೊತೆಗೇ ಬರುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಮರಗಳಿದ್ದ ಇಳಿಜಾರುಗಳೇ ಮರಸಮೇತ ಇಳಿದು ಬಂದದ್ದನ್ನು ಈ ಜಿಲ್ಲೆಯವರಿಗೆ ನಾನು ನೆನಪಿಸಬೇಕಾಗಿಲ್ಲ. ಹಾಗೆಂದು ಬರೆಯ ಮೇಲಿನ ಮರಗಳನ್ನೆಲ್ಲ ತೆಗೆಸಿದರೆ ಇನ್ನೊಂದು ತೊಂದರೆ: ಕಡಿದ ಮರದ ಬೇರು ಕೆಲವು ವರ್ಷ ಮಣ್ಣನ್ನು ಹಿಡಿದುಕೊಂಡಿದ್ದು, ಆಮೇಲೆ ಕೊಳೆತು ಕೈಬಿಡುತ್ತದೆ.

ಆದ್ದರಿಂದ ಈ ವಾರವೇ ಬರೆಯ ಮೇಲೆ ಹತ್ತಿ ನೋಡಿ. ಮರದ ಗುಡ್ಡದ ಕಡೆಯ ಬುಡದಲ್ಲಿ ಮಣ್ಣು ಬಿಲ್ಲಿನಾಕಾರದಲ್ಲಿ ಬಿರುಕು ಬಿಟ್ಟಿದೆಯೇ, ಎದ್ದಿದೆಯೇ? ಮರ ಮನೆಯ ಕಡೆ ವಾಲಿದೆಯೇ? ವಾಲಿದ್ದರೆ ತುದಿಯನ್ನು ನೋಡಿ. ಹಳೆಯ ವಾಲಿಕೆಯಾದರೆ ತುದಿ ಮತ್ತೆ ನೆಟ್ಟಗೆ ತಿರುಗಿಕೊಂಡಿರುತ್ತದೆ, ಬುಡದಿಂದ ತುದಿಯವರೆಗೆ ಕಂಬದಂತೆ ಒಂದೇ ಸಮ ವಾಲಿದ್ದರೆ ಅದು ಇತ್ತೀಚಿನದು. ಬಿರುಕೋ ಹೊಸ ವಾಲಿಕೆಯೋ ಇದ್ದರೆ, ಅಥವಾ ಕೊರೆದ ಜಾಗ 5 ಅಡಿಯೊಳಗಿದ್ದರೆ, ಮಳೆಗೆ ಮುಂಚೆ ಆ ಮರಗಳನ್ನು ತೆಗೆಸಿ. ಮೇಲಿನಿಂದ ತುಂಡು ತುಂಡಾಗಿ, ಹಗ್ಗ ಕಟ್ಟಿ ಇಳಿಸಬೇಕು. ಬುಡವನ್ನು ಕೀಳಿಸಬೇಡಿ, ನೆಲಮಟ್ಟಕ್ಕೆ ಕೊಯ್ದು ಬೇರನ್ನು ಮಣ್ಣಿನಲ್ಲೇ ಬಿಡಿ. ಅದು ಕೊಳೆಯುವ ಮೊದಲು ಹೊಸ ಬೇರು ಇಳಿಯಲೆಂದು ಈ ಮಳೆಗೇ ಬರೆಯ ಮೇಲೆ ಲಾವಂಚವನ್ನೋ ಸ್ಥಳೀಯ ಕುರುಚಲು ಗಿಡಗಳನ್ನೋ ಹಾಕಿ. ಬರೆಯ ಮೇಲ್ಭಾಗದಲ್ಲಿ ಇಂಗುಗುಂಡಿ ತೋಡಿದ್ದರೆ ಮುಚ್ಚಿ, ನೀರನ್ನು ಪಕ್ಕಕ್ಕೆ ತಿರುಗಿಸಿ. ತಡೆಗೋಡೆ ಕಟ್ಟಿಸುವುದಾದರೆ ಎಂಜಿನಿಯರನ್ನು ಕೇಳಿ, ನೀರು ಹೊರಬರಲು ಪೈಪು ಇಡದ ತಡೆಗೋಡೆ ಒಂದೆರಡು ಮಳೆಗಾಲಕ್ಕಷ್ಟೇ.

ಕಡಿಯುವ ಮುಂಚೆ ಕಾಗದಪತ್ರದ ಕೆಲಸವೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಖಾಸಗಿ ಜಾಗದ ಮರಕ್ಕೂ ಸಾಮಾನ್ಯವಾಗಿ ಅನುಮತಿ ಬೇಕು, ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಕೊಡಗಿನಲ್ಲಿ ಇದರ ಮೇಲೆ ಜಾಗ ರಿಡೀಮ್ಡ್ ಹೌದೋ ಅಲ್ಲವೋ, ಎಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಮರದ ಹಕ್ಕು ಪಡೆದದ್ದೋ ಅಲ್ಲವೋ, ಎಂಬ ಪ್ರಶ್ನೆ ಬೇರೆ. ಪಹಣಿ ಮತ್ತು ಮರದ ಫೋಟೊಗಳೊಂದಿಗೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಈಗಲೇ ಹೋಗಿ, ಜೂನ್ ಒಂದಕ್ಕೆ ಹೋದರೆ ಅಲ್ಲಿ ಸಾಲು ಇರುತ್ತದೆ.

ಕೆಲಸದವರನ್ನು ಕರೆಸುವಾಗ ಬೆಲೆಗಿಂತ ಮೊದಲು ಕೇಳಬೇಕಾದದ್ದು ಹಗ್ಗ, ಸೊಂಟಪಟ್ಟಿ, ಹೆಲ್ಮೆಟ್ ಇದೆಯೇ ಎಂದು. ನಿಮ್ಮ ಹಿತ್ತಲಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಸೆಸ್ಕ್ ಕಚೇರಿಗೆ ಹೇಳಿ ಲೈನ್ ಆಫ್ ಮಾಡಿಸದೆ ಯಾರನ್ನೂ ಹತ್ತಿಸಬೇಡಿ, ಅಲ್ಯೂಮಿನಿಯಂ ಏಣಿಯನ್ನಂತೂ ಅಂಗಳದೊಳಗೆ ತರಲೇ ಬಿಡಬೇಡಿ. ತಂತಿಗೆ ಏಣಿ ತಾಗಿ ತೋಟದ ಕಾರ್ಮಿಕರು ಸತ್ತ ಸುದ್ದಿ ಓದದ ವರ್ಷವಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಮೂರೂ ಮರಗಳ ಫೋಟೊವನ್ನು ಒಂದೇ ಜಾಗದಲ್ಲಿ ನಿಂತು, ಒಂದು ತೂಗುಗುಂಡಿನ ದಾರ ಚಿತ್ರದಲ್ಲಿ ಬರುವಂತೆ, ಹದಿನೈದು ದಿನಕ್ಕೊಮ್ಮೆ ತೆಗೆದಿಡಿ. ದಾರಕ್ಕೂ ಮರಕ್ಕೂ ಇರುವ ಅಂತರ ಬದಲಾದರೆ ನಿಮಗೇ ಕಾಣುತ್ತದೆ. ಜೋರು ಮಳೆಯ ದಿನಗಳಲ್ಲಿ ಬರೆಯ ಕಡೆಯ ಕೋಣೆಯಲ್ಲಿ ಮಲಗಬೇಡಿ. ಬರೆಯಿಂದ ಒಸರುವ ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಗಾದರೆ, ಅಥವಾ ಒಮ್ಮೆಲೇ ನಿಂತುಹೋದರೆ, ಬಟ್ಟೆ ಬರೆ ಹುಡುಕದೆ ಮನೆಯಿಂದ ಹೊರಡಿ.

ಅವ್ವನಿಗೆ ಹಲಸು ಸದ್ಯಕ್ಕೆ ಇರುತ್ತದೆ ಎಂದು ಹೇಳಿ. ಇಂಟರ್‌ಲಾಕ್ ಕೀಳಿಸುವಾಗ ಅವರೇ ನಿಮ್ಮ ಪರ ನಿಲ್ಲುತ್ತಾರೆ ಎಂದು ನನ್ನ ಅಂದಾಜು. ಮಾಡಿನ ಮೇಲಿನ ಕೊಂಬೆಯಲ್ಲಿ ಕಟ್ಟಿದ ಕಾಯಿಗಳನ್ನು ಮಾತ್ರ ಹಣ್ಣಾಗಲು ಬಿಡದೆ ಎಳೆಯದರಲ್ಲೇ ಇಳಿಸಿಬಿಡಿ. ಭಾರವೂ ಇಳಿಯುತ್ತದೆ, ಪಲ್ಯವೂ ಆಗುತ್ತದೆ.